ಮಬ್ಬೋ, ಚುಕ್ಕಿಯೋ: ಗೆಲಾಕ್ಸಿಗಳ ಕ್ಷ-ಕಿರಣ ಆಕರಗಳ ಶೋಧದ ಚರಿತ್ರೆ

ದೇವಯಾನಿ ನಕ್ಷತ್ರಪುಂಜದಲ್ಲಿ ಒಂದು ಗೆಲಾಕ್ಸಿಯಿದೆ. ಬೆಳದಿಂಗಳಿಲ್ಲದ ರಾತ್ರಿ ಅದು ಬರಿಗಣ್ಣಿಗೂ ಅರ್ಧ ಒರೆಸಿದ ಸುಣ್ಣದ ಕಲೆಯಂತೆ ಕಾಣುತ್ತದೆ. ಖಗೋಳ ಪಟ್ಟಿಗಳಲ್ಲಿ ಅದರ ಹೆಸರು ಎಂ 31. 1970ರ ದಶಕದ ಆರಂಭದಲ್ಲಿ ಉಹುರು ಉಪಗ್ರಹ ಅದನ್ನು ಕ್ಷ-ಕಿರಣಗಳಲ್ಲಿ ನೋಡಿದಾಗ ಲೆಕ್ಕಕ್ಕೆ ಸಿಕ್ಕಿದ್ದು ಒಂದೇ ಆಕರ. ಐನ್‌ಸ್ಟೈನ್ ವೀಕ್ಷಣಾಲಯ ತೆಗೆದ ಚಿತ್ರಗಳನ್ನೆಲ್ಲ ಕಲೆಹಾಕಿ ಟ್ರಿಂಕಿಯೇರಿ ಮತ್ತು ಫಾಬಿಯಾನೊ 1991ರಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿ 108 ಚುಕ್ಕಿಗಳಿದ್ದವು. ನಮ್ಮವರಾಗಿದ್ದರೆ ಅಷ್ಟೋತ್ತರ ಮುಗಿಯಿತೆಂದು ಅಲ್ಲಿಗೇ ಮಂಗಳಾರತಿ ಎತ್ತುತ್ತಿದ್ದರೇನೋ. 2011ರಲ್ಲಿ ಎಕ್ಸ್‌ಎಂಎಂ-ನ್ಯೂಟನ್ ದೂರದರ್ಶಕದ ಪಟ್ಟಿ ಹೊರಬಂದಾಗ ಸಂಖ್ಯೆ 1897ಕ್ಕೆ ಏರಿತ್ತು. ಅದರಲ್ಲಿ ಅರ್ಧಕ್ಕಿಂತ ಹೆಚ್ಚಿನವನ್ನು ಪಟ್ಟಿ ಮಾಡಿದವರು ‘ಗಡುಸು (ಅಂದರೆ ಹೆಚ್ಚು ಶಕ್ತಿಯ) ಕಿರಣದವು’ ಎಂದಷ್ಟೇ ಗುರುತಿಸಿ ಬಿಟ್ಟಿದ್ದಾರೆ. ಅವು ಎಂ 31ರ ಒಳಗಿನವೋ, ಅದರ ಹಿಂದೆ ಬಹುದೂರದಲ್ಲಿರುವ ಬೇರೆ ಗೆಲಾಕ್ಸಿಗಳೋ ಹೇಳುವುದು ಕಷ್ಟ.

ಗೆಲಾಕ್ಸಿಗಳು ಕ್ಷ-ಕಿರಣ ಸೂಸುವುದು ಹೇಗೆಂಬ ಪ್ರಶ್ನೆಗೆ ಪಠ್ಯಪುಸ್ತಕಗಳು ಉತ್ತರವನ್ನು ಪಟ್ಟಿಯಾಗಿ ಕೊಡುತ್ತವೆ: ಜೋಡಿ ನಕ್ಷತ್ರಗಳು, ಸೂಪರ್‌ನೋವಾ ಅವಶೇಷಗಳು, ಬಿಸಿ ಅನಿಲ, ಕೇಂದ್ರದ ದೈತ್ಯ ಕಪ್ಪುಕುಳಿ. ಪಟ್ಟಿ ಸರಿಯಾಗಿಯೇ ಇದೆ. ಆದರೆ ಅದು ಸಿದ್ಧವಾದ ಬಗೆಯನ್ನು ಮೂಲ ಪ್ರಬಂಧಗಳಲ್ಲಿ ಹಿಂಬಾಲಿಸಿದರೆ ಒಂದೇ ವ್ಯಾಜ್ಯ ವೇಷ ಬದಲಿಸಿ ಮತ್ತೆ ಮತ್ತೆ ಎದುರಾಗುತ್ತದೆ. ಕಾಣುತ್ತಿರುವ ಹೊಳಪು ನಿಜಕ್ಕೂ ಹರಡಿಕೊಂಡ ಅನಿಲದ ಮಬ್ಬೋ, ಅಥವಾ ನಮ್ಮ ಉಪಕರಣಕ್ಕೆ ಬಿಡಿಬಿಡಿಯಾಗಿ ಕಾಣದ ಚುಕ್ಕಿಗಳ ಗುಂಪೋ? ಈ ವ್ಯಾಜ್ಯವನ್ನು ಸಿದ್ಧಾಂತ ಬಗೆಹರಿಸಿದ ಸಂದರ್ಭಗಳು ಕಡಿಮೆ ಎಂಬುದು ನನ್ನ ಅನಿಸಿಕೆ. ಕನ್ನಡಿಯ ನುಣುಪು ಮತ್ತು ಒಂದೇ ಕಡೆ ದಿಟ್ಟಿಸಿ ಕೂತ ಸಮಯ ಬಗೆಹರಿಸಿದ್ದೇ ಹೆಚ್ಚು. ಎರಡೂ ಕಡೆಯವರು ಗೆದ್ದಿದ್ದಾರೆ, ಎರಡೂ ಕಡೆಯವರು ಸೋತಿದ್ದಾರೆ.

ಚಂದ್ರನಿಗೆಂದು ಹೊರಟ ರಾಕೆಟ್

ಕ್ಷ-ಕಿರಣ ನಮ್ಮ ವಾತಾವರಣವನ್ನು ದಾಟಿ ನೆಲಕ್ಕೆ ಬರುವುದಿಲ್ಲ. ಆದ್ದರಿಂದ ಈ ಶಾಸ್ತ್ರದ ಹುಟ್ಟು ರಾಕೆಟ್ಟುಗಳ ಹುಟ್ಟಿಗೆ ಕಾಯಬೇಕಾಯಿತು. 1949ರಲ್ಲಿ ಅಮೆರಿಕದ ನೌಕಾ ಸಂಶೋಧನಾಲಯದ ಹರ್ಬರ್ಟ್ ಫ್ರೀಡ್‌ಮನ್, ಯುದ್ಧದಲ್ಲಿ ವಶವಾದ ಜರ್ಮನ್ ವಿ-2 ರಾಕೆಟ್ಟಿನಲ್ಲಿ ಎಣಿಕೆ ಯಂತ್ರಗಳನ್ನಿಟ್ಟು ಸೂರ್ಯನಿಂದ ಕ್ಷ-ಕಿರಣ ಬರುತ್ತಿರುವುದನ್ನು ಖಚಿತಪಡಿಸಿದರು. ಸೂರ್ಯನ ಒಟ್ಟು ಬೆಳಕಿನಲ್ಲಿ ಕ್ಷ-ಕಿರಣದ ಪಾಲು ಸುಮಾರು ಹತ್ತು ಲಕ್ಷಕ್ಕೆ ಒಂದು. ಉಳಿದ ನಕ್ಷತ್ರಗಳೂ ಹೀಗೆಯೇ ಇದ್ದರೆ ಅತಿ ಹತ್ತಿರದ ನಕ್ಷತ್ರದ ಕ್ಷ-ಕಿರಣವೂ ಅಂದಿನ ಯಂತ್ರಗಳ ಎಟುಕಿಗೆ ಸಿಗುವಂತಿರಲಿಲ್ಲ. ಲೆಕ್ಕ ನೋಡಿದವರು ಕೈಚೆಲ್ಲಿ ಕೂರುವುದೇ ಸಹಜವಾಗಿತ್ತು.

ಬ್ರೂನೊ ರೊಸ್ಸಿ ಮತ್ತು ರಿಕಾರ್ಡೊ ಜಕೋನಿ ಹಾಗೆ ಕೂರಲಿಲ್ಲ. 1962ರ ಜೂನ್ 18ರ ನಡುರಾತ್ರಿಗೆ ಒಂದು ನಿಮಿಷವಿರುವಾಗ ನ್ಯೂ ಮೆಕ್ಸಿಕೋದ ವೈಟ್ ಸ್ಯಾಂಡ್ಸ್‌ನಿಂದ ಅವರ ಏರೋಬಿ ರಾಕೆಟ್ ಹಾರಿತು. ಹೇಳಿಕೊಂಡ ಉದ್ದೇಶ ಬೇರೆ. ಸೂರ್ಯನ ಕ್ಷ-ಕಿರಣ ಚಂದ್ರನ ನೆಲಕ್ಕೆ ಬಡಿದಾಗ ಅಲ್ಲಿನ ಧಾತುಗಳು ತಮ್ಮದೇ ಕ್ಷ-ಕಿರಣ ಹೊಮ್ಮಿಸುತ್ತವೆ, ಅದನ್ನು ಹಿಡಿದರೆ ಚಂದ್ರನ ಮಣ್ಣಿನ ಗುಣ ತಿಳಿಯಬಹುದು ಎಂಬುದು ಯೋಜನೆ. ಹುಣ್ಣಿಮೆ ಕಳೆದು ಒಂದು ದಿನವಾಗಿತ್ತು. ಒಳಗಿದ್ದ ಮೂರು ಗೈಗರ್ ಎಣಿಕೆ ಯಂತ್ರಗಳಲ್ಲಿ ಎರಡು ಕೆಲಸ ಮಾಡಿದವು. 80 ಕಿಲೋಮೀಟರಿಗಿಂತ ಮೇಲೆ ರಾಕೆಟ್ ಇದ್ದದ್ದು ಸುಮಾರು 350 ಸೆಕೆಂಡು, ಅಂದರೆ ಒಲೆಯ ಮೇಲಿಟ್ಟ ಹಾಲು ಉಕ್ಕಿ ಬರುವಷ್ಟು ಹೊತ್ತು.

ಆ ಹೊತ್ತಿನಲ್ಲಿ ರಾಕೆಟ್ ಸೆಕೆಂಡಿಗೆ ಸುಮಾರು ಎರಡು ಸುತ್ತು ತಿರುಗುತ್ತ ಆಕಾಶವನ್ನು ಮತ್ತೆ ಮತ್ತೆ ಗುಡಿಸಿತು. ಪ್ರತಿ ಸುತ್ತಿನಲ್ಲೂ ಎಣಿಕೆ ಒಂದೇ ದಿಕ್ಕಿನಲ್ಲಿ ಏರಿ ಇಳಿಯಿತು. ಆ ದಿಕ್ಕಿನಲ್ಲಿ ಚಂದ್ರ ಇರಲಿಲ್ಲ. ಅದು ದಕ್ಷಿಣಕ್ಕೆ, ವೃಶ್ಚಿಕ ರಾಶಿಯ ಸುತ್ತಮುತ್ತ ಬೀಳುತ್ತಿತ್ತು. ಜೊತೆಗೆ ಇನ್ನೊಂದು ಸಂಗತಿ: ಎಣಿಕೆ ಯಾವ ದಿಕ್ಕಿನಲ್ಲೂ ಸೊನ್ನೆಗೆ ಇಳಿಯಲಿಲ್ಲ. ಆಕಾಶವೆಲ್ಲ ತೆಳ್ಳಗೆ ಹೊಳೆಯುತ್ತಿತ್ತು. ಹೀಗೆ ಮೊದಲ ರಾತ್ರಿಯೇ ಚುಕ್ಕಿಯೂ ಮಬ್ಬೂ ಒಟ್ಟಿಗೆ ಸಿಕ್ಕಿದವು. ಚುಕ್ಕಿಯ ದಿಕ್ಕಿಗೆ ಅಷ್ಟೇನೂ ದೂರವಲ್ಲದ ಕಡೆ ನಮ್ಮ ಆಕಾಶಗಂಗೆಯ ಕೇಂದ್ರವೂ ಇರುವುದರಿಂದ, ಕಿರಣ ಅಲ್ಲಿಂದ ಬಂದಿರಬಹುದೇ ಎಂದೂ ಈ ಶೋಧವನ್ನು ವರದಿ ಮಾಡಿದ ಪ್ರಬಂಧ ಯೋಚಿಸಿತ್ತು. ಮರುವರ್ಷ ಫ್ರೀಡ್‌ಮನ್ ತಂಡ ಹೆಚ್ಚು ಇಕ್ಕಟ್ಟಿನ ನೋಟವುಳ್ಳ ಯಂತ್ರ ಹಾರಿಸಿ ಆಕರ ವೃಶ್ಚಿಕದಲ್ಲೇ ಇದೆಯೆಂದು ತೋರಿಸಿತು. ಕೇಂದ್ರದ ಊಹೆ ಬಿದ್ದುಹೋಯಿತು. ಸ್ಕಾರ್ಪಿಯಸ್ ಎಕ್ಸ್-1 ಎಂಬ ಹೆಸರು ಉಳಿಯಿತು.

‘ಕ್ಷ’ ಎಂಬ ಅಕ್ಷರದ ಬಗ್ಗೆ ಇಲ್ಲೇ ಒಂದು ಮಾತು. ಈ ಕಿರಣವನ್ನು ಕಂಡುಹಿಡಿದ ರಾಂಟ್‌ಜನ್ ತನಗೆ ಗೊತ್ತಿಲ್ಲದ ಕಿರಣವೆಂದು ಬೀಜಗಣಿತದ ಎಕ್ಸ್ ಅನ್ನು ಬಳಸಿದ. ಕನ್ನಡದ ಪಠ್ಯಗಳು ಅದರ ಸದ್ದನ್ನು ಹಿಡಿದು ಕ್ಷ ಮಾಡಿಕೊಂಡವು. ಅಜ್ಞಾತವೆಂಬ ಅರ್ಥ ಆ ಬದಲಾವಣೆಯಲ್ಲಿ ಕಳೆದುಹೋಯಿತು. ಖಗೋಳಜ್ಞರಿಗೆ ಮಾತ್ರ ಆ ಅರ್ಥ 1962ರ ನಂತರವೂ ಬಹಳ ಕಾಲ ಉಪಯೋಗಕ್ಕೆ ಬಂತು.

ಮಬ್ಬು-ಚುಕ್ಕಿಯ ಮೊದಲ ಖಚಿತ ಪರೀಕ್ಷೆ 1964ರ ಜುಲೈ 7ರಂದು ನಡೆಯಿತು. ಅಂದು ಚಂದ್ರ ವೃಷಭ ರಾಶಿಯ ಏಡಿ ನೀಹಾರಿಕೆಯನ್ನು ಮರೆಮಾಡುವುದಿತ್ತು. ಅಲ್ಲಿಂದ ಕ್ಷ-ಕಿರಣ ಬರುವುದು ಆಗಲೇ ತಿಳಿದಿತ್ತು. ಕಿರಣ ಹೊಮ್ಮುವುದು ಒಂದು ಪುಟ್ಟ ನ್ಯೂಟ್ರಾನ್ ನಕ್ಷತ್ರದಿಂದಾದರೆ ಚಂದ್ರನ ಅಂಚು ಹಾಯುತ್ತಲೇ ದೀಪ ಆರಿಸಿದ ಹಾಗೆ ಥಟ್ಟನೆ ನಿಲ್ಲಬೇಕು. ನೀಹಾರಿಕೆಯ ಮೈಯಿಂದಾದರೆ ಮೆಲ್ಲಗೆ ಕಂದಬೇಕು. ರಾಕೆಟ್ಟಿಗೆ ಸಿಗುವುದು ನಾಲ್ಕೈದು ನಿಮಿಷ, ಗ್ರಹಣಕ್ಕೆ ಬೇಕಾದದ್ದು ಅದಕ್ಕಿಂತ ಹೆಚ್ಚು. ಹೀಗಾಗಿ ಹಾರಿಸುವ ಕ್ಷಣ ತಪ್ಪಿದರೆ ಎಲ್ಲವೂ ತಪ್ಪಿದಂತೆ. ಫ್ರೀಡ್‌ಮನ್ ತಂಡ ಕ್ಷಣ ತಪ್ಪಿಸಲಿಲ್ಲ. ಎಣಿಕೆ ಮೆಲ್ಲಗೆ ಕಂದಿತು. ಮಬ್ಬು ಗೆದ್ದಿತು, ನ್ಯೂಟ್ರಾನ್ ನಕ್ಷತ್ರದ ಮಾತು ಹಿಂದೆ ಸರಿಯಿತು. ಆದರೆ 1969ರಲ್ಲಿ ಅದೇ ನೀಹಾರಿಕೆಯ ನಡುವಿನಿಂದ ಸೆಕೆಂಡಿಗೆ ಸುಮಾರು ಮೂವತ್ತು ಸಲ ಮಿಡಿಯುವ ಕ್ಷ-ಕಿರಣ ಸಿಕ್ಕಿತು. ಸಣ್ಣ ಪಾಲಾದರೂ ಅದು ನ್ಯೂಟ್ರಾನ್ ನಕ್ಷತ್ರದ್ದೇ. ಮಬ್ಬಿನೊಳಗೆ ಚುಕ್ಕಿಯೂ ಇತ್ತು, ಮಬ್ಬನ್ನು ಬೆಳಗಿಸುತ್ತಿದ್ದುದೂ ಅದೇ ಚುಕ್ಕಿ.

ಬೀಳುವ ಅನಿಲ

ಸ್ಕಾರ್ಪಿಯಸ್ ಎಕ್ಸ್-1 ಏನು? 1966ರಲ್ಲಿ ಜಪಾನಿನ ಮಿನೋರು ಓಡ ರೂಪಿಸಿದ ತಂತಿ-ಜಾಲರಿಯ ಉಪಾಯದಿಂದ ಅದರ ಸ್ಥಾನ ಚೆನ್ನಾಗಿ ಗೊತ್ತಾಗಿ, ಅಲ್ಲೊಂದು ಮಂಕಾದ ನೀಲಿ ನಕ್ಷತ್ರ ಸಿಕ್ಕಿತು. ಬೆಳಕಿನಲ್ಲಿ ಸೂಸುವುದಕ್ಕಿಂತ ಅದು ಕ್ಷ-ಕಿರಣದಲ್ಲಿ ಸೂಸುವುದು ಸಾವಿರ ಪಟ್ಟು ಹೆಚ್ಚು. ಸೂರ್ಯನ ಲೆಕ್ಕ ಇಲ್ಲಿ ತಲೆಕೆಳಗಾಗಿತ್ತು. ಹಯಕಾವ ಮತ್ತು ಮತ್ಸುವೋಕ 1964ರಲ್ಲೇ ಜೋಡಿ ನಕ್ಷತ್ರಗಳ ಕಡೆ ಬೆರಳು ತೋರಿಸಿದ್ದರು. ಸೋವಿಯತ್ ಒಕ್ಕೂಟದ ಐಯೋಸಿಫ್ ಶ್ಕ್ಲೋವ್‌ಸ್ಕಿ 1967ರಲ್ಲಿ ಸ್ಪಷ್ಟವಾಗಿ ಹೇಳಿದರು: ಇದು ಜೊತೆಗಾರ ನಕ್ಷತ್ರದ ಅನಿಲವನ್ನು ಸೆಳೆದುಕೊಳ್ಳುತ್ತಿರುವ ನ್ಯೂಟ್ರಾನ್ ನಕ್ಷತ್ರ. ಆ ಮಾತಿಗೆ ಆಗ ಸಿಕ್ಕ ಮನ್ನಣೆ ಅಷ್ಟಕ್ಕಷ್ಟೇ.

ಬೀಳುವುದರಿಂದ ಅಷ್ಟೊಂದು ಶಕ್ತಿ ಬರುತ್ತದೆಯೇ? ಸೂರ್ಯನ ಒಡಲಲ್ಲಿ ಜಲಜನಕ ಬೆಸೆದು ಹೀಲಿಯಂ ಆಗುವಾಗ ದ್ರವ್ಯರಾಶಿಯ 0.7% ಶಕ್ತಿಯಾಗುತ್ತದೆ. ಅದೇ ಜಲಜನಕವನ್ನು ಇಪ್ಪತ್ತು ಕಿಲೋಮೀಟರ್ ಅಗಲದ, ಆದರೆ ಸೂರ್ಯನಿಗಿಂತ ಭಾರದ ನ್ಯೂಟ್ರಾನ್ ನಕ್ಷತ್ರದ ಮೇಲೆ ಬಿಟ್ಟರೆ 10%ಕ್ಕೂ ಹೆಚ್ಚು ಹೊರಬರುತ್ತದೆ. ಆ ಅನಿಲ ನೇರ ಬೀಳದೆ ಸುತ್ತುತ್ತ ತಟ್ಟೆಯಾಗುತ್ತದೆ, ತನ್ನೊಳಗೇ ಉಜ್ಜಿಕೊಂಡು ಕೋಟಿ ಡಿಗ್ರಿ ಕಾಯುತ್ತದೆ. ಅಷ್ಟು ಕಾದದ್ದು ಕ್ಷ-ಕಿರಣವನ್ನೇ ಸೂಸುತ್ತದೆ.

ಈ ಊಹೆಗೆ ಪುರಾವೆ ತಂದದ್ದು 1970ರ ಡಿಸೆಂಬರ್ 12ರಂದು ಕೆನ್ಯಾದ ಕರಾವಳಿಯಾಚೆ ಸಮುದ್ರದಲ್ಲಿದ್ದ ಸಾನ್ ಮಾರ್ಕೊ ಅಟ್ಟಣಿಗೆಯಿಂದ ಹಾರಿದ ಉಪಗ್ರಹ. ಅಂದು ಕೆನ್ಯಾದ ಸ್ವಾತಂತ್ರ್ಯದ ದಿನ, ಆದ್ದರಿಂದ ಉಹುರು, ಅಂದರೆ ಸ್ವಾಹಿಲಿಯಲ್ಲಿ ಸ್ವಾತಂತ್ರ್ಯ. ಸೆಂಟಾರಸ್ ಎಕ್ಸ್-3 ಎಂಬ ಆಕರವನ್ನು ಅದು ಗಮನಿಸಿದ ರೀತಿ ಓದಿ ಸವಿಯುವಂಥದ್ದು. ಆಕರ 4.8 ಸೆಕೆಂಡಿಗೊಮ್ಮೆ ಮಿಡಿಯುತ್ತಿತ್ತು. ಮಿಡಿತದ ಅವಧಿ ಒಂದಷ್ಟು ಹಿಗ್ಗಿ, ಒಂದಷ್ಟು ಕುಗ್ಗಿ, 2.087 ದಿನಕ್ಕೊಮ್ಮೆ ಮೊದಲಿನಂತಾಗುತ್ತಿತ್ತು. ಅದೇ 2.087 ದಿನಕ್ಕೊಮ್ಮೆ ಆಕರ ಪೂರ್ತಿ ಕಣ್ಮರೆಯಾಗುತ್ತಿತ್ತು. ಏನನ್ನೋ ಸುತ್ತುತ್ತ ನಮ್ಮತ್ತ ಬಂದು, ದೂರ ಸರಿದು, ಅದರ ಹಿಂದೆ ಮರೆಯಾಗುವ ವಸ್ತು ಮಾತ್ರ ಹೀಗೆ ವರ್ತಿಸಬಲ್ಲದು. ಗ್ರಹಣದ ಲೆಕ್ಕ ಹಾಕಿ ಬೆಳೆದ ನಮ್ಮ ಪಂಚಾಂಗದವರಿಗೆ ಈ ತರ್ಕ ಕೂಡಲೇ ಹಿಡಿಸುತ್ತಿತ್ತು. ಸಿಗ್ನಸ್ ಎಕ್ಸ್-1ರ ಜೊತೆಗಾರ ನಕ್ಷತ್ರವನ್ನು ಅಳೆದ ವೆಬ್‌ಸ್ಟರ್, ಮರ್ಡಿನ್ ಮತ್ತು ಬೋಲ್ಟನ್, 5.6 ದಿನಕ್ಕೊಮ್ಮೆ ಅದನ್ನು ಸುತ್ತಿಸುತ್ತಿರುವ ಕಾಣದ ವಸ್ತು ನ್ಯೂಟ್ರಾನ್ ನಕ್ಷತ್ರಕ್ಕಿಂತ ಭಾರವೆಂದು ಕಂಡುಕೊಂಡರು. ಕಪ್ಪುಕುಳಿ ಎಂಬ ಮಾತು ಕಾಗದದಿಂದ ಆಕಾಶಕ್ಕೆ ಇಳಿದದ್ದು ಹಾಗೆ. 339 ಆಕರಗಳಿದ್ದ ಉಹುರುವಿನ ಕೊನೆಯ ಪಟ್ಟಿಯ ಪ್ರಖರ ಹೆಸರುಗಳು ಬಹುಪಾಲು ನಮ್ಮ ಆಕಾಶಗಂಗೆಯ ಇಂಥ ಜೋಡಿಗಳೇ.

ಇದೇ ಹೊತ್ತಿಗೆ ಭಾರತದಲ್ಲೂ ಕೆಲಸ ಶುರುವಾಗಿತ್ತು, ಅದರಲ್ಲಿ ಕನ್ನಡ ನೆಲದವರ ಕೈ ದೊಡ್ಡದು. ನಂಜನಗೂಡಿನಲ್ಲಿ ಹುಟ್ಟಿದ ಬಿ.ವಿ. ಶ್ರೀಕಂಠನ್ ಕೋಲಾರದ ಚಿನ್ನದ ಗಣಿಯ ಆಳದಲ್ಲಿ ವಿಶ್ವಕಿರಣಗಳನ್ನು ಅಳೆದವರು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಕ್ಷ-ಕಿರಣ ಖಗೋಳಕ್ಕೆ ಬುನಾದಿ ಹಾಕಿದವರೂ ಅವರೇ. 1968ರಿಂದ ಆ ತಂಡ ಹೈದರಾಬಾದಿನಿಂದ ದೊಡ್ಡ ಬಲೂನುಗಳನ್ನು ಹಾರಿಸಿ ಸ್ಕಾರ್ಪಿಯಸ್ ಎಕ್ಸ್-1ರಂಥವನ್ನು ನೋಡಿತು. ಬಲೂನು ಏರುವ ಎತ್ತರದಲ್ಲೂ ಮೇಲೆ ಒಂದಿಷ್ಟು ಗಾಳಿ ಉಳಿದಿರುತ್ತದೆ, ಆದ್ದರಿಂದ ಗಡುಸು ಕ್ಷ-ಕಿರಣ ಮಾತ್ರ ಸಿಗುತ್ತದೆ. ಉಡುಪಿ ಕಡೆಯ ಅದಮಾರಿನ ಯು.ಆರ್. ರಾವ್ ತುಂಬಾ ಉಡಾವಣಾ ಕೇಂದ್ರದ ರಾಕೆಟ್ಟುಗಳಲ್ಲಿ ಕ್ಷ-ಕಿರಣ ಯಂತ್ರಗಳನ್ನು ಕಳಿಸಿದರು. ಪೀಣ್ಯದ ಕಾರ್ಖಾನೆ ಶೆಡ್ಡುಗಳಲ್ಲಿ ಅವರ ನಾಯಕತ್ವದಲ್ಲಿ ತಯಾರಾಗಿ 1975ರ ಏಪ್ರಿಲ್ 19ರಂದು ಹಾರಿದ ಆರ್ಯಭಟದಲ್ಲೂ ಕ್ಷ-ಕಿರಣದ ಪ್ರಯೋಗವಿತ್ತು. ಕೆಲವೇ ದಿನಗಳಲ್ಲಿ ವಿದ್ಯುತ್ ತೊಂದರೆಯಿಂದ ಪ್ರಯೋಗಗಳನ್ನು ನಿಲ್ಲಿಸಬೇಕಾಯಿತು. ಆರ್ಯಭಟವನ್ನು ನೆನೆಯುವ ನಮ್ಮ ಬರಹಗಳು ಉಡಾವಣೆಯನ್ನು ಕೊಂಡಾಡಿ ಈ ಪ್ರಯೋಗವನ್ನು ಮರೆಯುವುದು ನನಗೆ ಬೇಸರದ ಸಂಗತಿ.

ಮುದುಕರ ಊರಿನ ಮಬ್ಬು

ಆಕಾಶಗಂಗೆಯಾಚೆಯ ಮಾತಿಗೆ ಬರೋಣ. 1968ರ ಒಂದು ರಾಕೆಟ್ ಹಾರಾಟದಲ್ಲಿ ದೊಡ್ಡ ಮೆಗೆಲ್ಲಾನಿಕ್ ಮೋಡದಿಂದ ಕ್ಷ-ಕಿರಣ ಬರುವುದು ತಿಳಿಯಿತು. ಕನ್ಯಾರಾಶಿಯ ದೈತ್ಯ ಗೆಲಾಕ್ಸಿ ಎಂ 87 ಅದಕ್ಕಿಂತ ಮೊದಲೇ ಸಿಕ್ಕಿತ್ತು. ಉಹುರು ಬಂದಮೇಲೆ ಗೆಲಾಕ್ಸಿಗಳ ಗುಂಪುಗಳೇ ಹೊಳೆಯುತ್ತಿರುವುದು ಗೊತ್ತಾಯಿತು. ಆ ಹೊಳಪು ಯಾವುದೇ ಒಂದು ಗೆಲಾಕ್ಸಿಗೆ ಅಂಟಿಕೊಳ್ಳದೆ ನಡುವಿನ ಖಾಲಿ ಜಾಗವನ್ನೂ ತುಂಬಿತ್ತು. 1976ರಲ್ಲಿ ಪರ್ಸಿಯಸ್ ಗುಂಪಿನ ರೋಹಿತದಲ್ಲಿ ಬಿಸಿ ಕಬ್ಬಿಣದ ರೇಖೆ ಸಿಕ್ಕಿ, ಅದು ಕೋಟಿಗಟ್ಟಲೆ ಡಿಗ್ರಿಯ ನಿಜವಾದ ಅನಿಲವೆಂದು ಇತ್ಯರ್ಥವಾಯಿತು. ಮಬ್ಬಿನ ಪಕ್ಷಕ್ಕೆ ಇಷ್ಟು ನಿಚ್ಚಳವಾದ ಗೆಲುವು ಮತ್ತೆ ಸಿಗಲಿಲ್ಲ.

ಒಂಟಿ ಗೆಲಾಕ್ಸಿಯ ಒಳಗನ್ನು ನೋಡಲು ಮಾತ್ರ ಕನ್ನಡಿ ಬೇಕಿತ್ತು. ಉಹುರುವಿನಲ್ಲಿ ಕನ್ನಡಿ ಇರಲಿಲ್ಲ. ಲೋಹದ ಕೊಳವೆಗಳ ಮೂಲಕ ಆಕಾಶವನ್ನು ಇಣುಕುವ ಎಣಿಕೆ ಪೆಟ್ಟಿಗೆ ಅದು, ಅತಿ ಇಕ್ಕಟ್ಟಿನ ಕಿಂಡಿಯೂ ಅರ್ಧ ಡಿಗ್ರಿ, ಅಂದರೆ ಹುಣ್ಣಿಮೆ ಚಂದ್ರನಷ್ಟು ಅಗಲ. ಕ್ಷ-ಕಿರಣವನ್ನು ಸಾಮಾನ್ಯ ಕನ್ನಡಿಗೆ ನೇರ ಹಾಯಿಸಿದರೆ ಒಳಗೆ ಹೂತುಹೋಗುತ್ತದೆ. ಕೆರೆಯ ನೀರಿನ ಮೇಲೆ ಚಪ್ಪಟೆ ಕಲ್ಲನ್ನು ಓರೆಯಾಗಿ ಬೀಸಿದರೆ ಮುಳುಗದೆ ಜಿಗಿಯುತ್ತ ಹೋಗುವುದಿಲ್ಲವೇ, ಹಾಗೆ ತೀರಾ ಓರೆಯಾಗಿ ತಾಗಿದರೆ ಮಾತ್ರ ಅದು ಹೊರಳುತ್ತದೆ. ಈ ತತ್ತ್ವದ ಮೇಲೆ ಒಂದರೊಳಗೊಂದು ಕೂರಿಸಿದ ಕೊಳವೆಗನ್ನಡಿಗಳುಳ್ಳ ಐನ್‌ಸ್ಟೈನ್ ವೀಕ್ಷಣಾಲಯ 1978ರ ನವೆಂಬರಿನಲ್ಲಿ ಹಾರಿತು. 1981ರ ಏಪ್ರಿಲ್‌ವರೆಗೆ ಮಾತ್ರ ನಡೆದರೂ ಸಾಧಾರಣ ಗೆಲಾಕ್ಸಿಗಳ ಕ್ಷ-ಕಿರಣ ಶಾಸ್ತ್ರ ಎಂಬುದೊಂದು ಹುಟ್ಟಿದ್ದೇ ಅದರಿಂದ. ಎಂ 31 ಚುಕ್ಕಿಗಳಾಗಿ ಒಡೆಯಿತು. ಸಪ್ತರ್ಷಿ ಮಂಡಲದ ಎಂ 82ರಲ್ಲಿ ಮರಿನಕ್ಷತ್ರಗಳ ಸಂತೆಯಿಂದ ಮೇಲೂ ಕೆಳಗೂ ಹೊಗೆಯಂತೆ ಏಳುವ ಬಿಸಿ ಅನಿಲ ಕಂಡಿತು.

ಜಗಳ ಎದ್ದದ್ದು ದೀರ್ಘವೃತ್ತ ಗೆಲಾಕ್ಸಿಗಳ ಮೇಲೆ. ಅವು ಮುದುಕರ ಊರುಗಳಿದ್ದಂತೆ: ನಕ್ಷತ್ರಗಳೆಲ್ಲ ಹಳೆಯವು, ಹೊಸ ಹುಟ್ಟಿಲ್ಲ, ಹುಟ್ಟಿಗೆ ಬೇಕಾದ ತಣ್ಣನೆ ಅನಿಲವೂ ಹೆಚ್ಚಿಲ್ಲ. ಮುದಿ ನಕ್ಷತ್ರಗಳು ತಮ್ಮ ಹೊರಪದರವನ್ನು ಉದುರಿಸುತ್ತಲೇ ಇರುತ್ತವೆ, ಆ ಅನಿಲವೆಲ್ಲ ಎಲ್ಲಿ ಹೋಗುತ್ತದೆ ಎಂಬುದು ಹಳೆಯ ಒಗಟು. 1985ರಲ್ಲಿ ಫೋರ್ಮನ್, ಜೋನ್ಸ್ ಮತ್ತು ಟಕರ್ ಉತ್ತರ ಮುಂದಿಟ್ಟರು. ಅನಿಲ ಎಲ್ಲೂ ಹೋಗಿಲ್ಲ. ಅದು ಕೋಟಿ ಡಿಗ್ರಿಗೆ ಕಾದು, ನೂರಾರು ಕೋಟಿ ಸೂರ್ಯರ ತೂಕದ ಪ್ರಭಾವಳಿಯಾಗಿ ಗೆಲಾಕ್ಸಿಯನ್ನು ಸುತ್ತಿಕೊಂಡಿದೆ. ಅಷ್ಟು ಬಿಸಿ ಅನಿಲ ಹಾರಿಹೋಗದೆ ನಿಲ್ಲಬೇಕಾದರೆ ಕಾಣುವ ನಕ್ಷತ್ರಗಳ ಸೆಳೆತ ಸಾಲದು. ಆದ್ದರಿಂದ ಇದು ಕಾಣದ ದ್ರವ್ಯಕ್ಕೂ ಸಾಕ್ಷಿಯಾಯಿತು.

ಅದೇ ವರ್ಷ ಟ್ರಿಂಕಿಯೇರಿ ಮತ್ತು ಫಾಬಿಯಾನೊ ತಕರಾರು ತೆಗೆದರು. ಮಂಕಾದ ದೀರ್ಘವೃತ್ತ ಗೆಲಾಕ್ಸಿಗಳ ಹೊಳಪಿಗೆ ಅನಿಲವನ್ನು ಕರೆಯುವ ಅಗತ್ಯವಿಲ್ಲ, ಎಂ 31ರ ನಡುಗುಬ್ಬಿನಲ್ಲಿ ಕಂಡಂಥ ಜೋಡಿ ನಕ್ಷತ್ರಗಳೇ ಅಷ್ಟನ್ನು ಕೊಡಬಲ್ಲವು ಎಂಬುದು ಅವರ ವಾದ. ಐನ್‌ಸ್ಟೈನ್‌ನ ಕನ್ನಡಿಗೆ ಅಷ್ಟು ದೂರದ ಚುಕ್ಕಿಗಳನ್ನು ಬಿಡಿಸುವ ಶಕ್ತಿಯಿರಲಿಲ್ಲ. ಹೀಗಾಗಿ ಎರಡೂ ಕಡೆಯವರು ಬಣ್ಣ, ತಾಪ ಮತ್ತು ಅಂಕಿ-ಅಂಶಗಳ ಬಲದ ಮೇಲೆ ಹದಿನೈದು ವರ್ಷ ವಾದಿಸಿದರು. 1990ರಲ್ಲಿ ಹಾರಿದ ಜರ್ಮನಿಯ ರೋಸ್ಯಾಟ್, 1993ರ ಜಪಾನಿನ ಆಸ್ಕಾ ಇಬ್ಬರಿಗೂ ಒಂದಿಷ್ಟು ಮದ್ದುಗುಂಡು ಒದಗಿಸಿದವು.

1999ರ ಜುಲೈ 23ರಂದು ಕೊಲಂಬಿಯಾ ನೌಕೆ ಚಂದ್ರಾ ದೂರದರ್ಶಕವನ್ನು ಹೊತ್ತೊಯ್ದಿತು. ಸುಬ್ರಹ್ಮಣ್ಯನ್ ಚಂದ್ರಶೇಖರರ ಹೆಸರು ಹೊತ್ತ ಈ ಯಂತ್ರದ ನೋಟದ ಹರಿತ ಅರ್ಧ ಆರ್ಕ್‌ಸೆಕೆಂಡು, ಉಹುರುವಿನ ಕಿಂಡಿಯ 3600ರಲ್ಲಿ ಒಂದು ಪಾಲು. ಒಂದೂವರೆ ಕಿಲೋಮೀಟರ್ ಆಚೆ ಅಕ್ಕಪಕ್ಕ ಇಟ್ಟ ಎರಡು ಜೋಳದ ಕಾಳನ್ನು ಎರಡೆಂದು ಗುರುತಿಸುವಷ್ಟು. 2000ದಲ್ಲಿ ಸರಜಿನ್, ಇರ್ವಿನ್ ಮತ್ತು ಬ್ರೆಗ್ಮನ್ ಅದನ್ನು ಎನ್‌ಜಿಸಿ 4697 ಎಂಬ ಮಂಕು ದೀರ್ಘವೃತ್ತ ಗೆಲಾಕ್ಸಿಯತ್ತ ತಿರುಗಿಸಿದಾಗ ಮಬ್ಬಿನ ಬಹುಪಾಲು ಚುಕ್ಕಿಗಳಾಗಿ ಉದುರಿತು. ಎಂ 87ರಂಥ ಪ್ರಖರ ಗೆಲಾಕ್ಸಿಗಳಲ್ಲಿ ಮಾತ್ರ ಚುಕ್ಕಿಗಳನ್ನೆಲ್ಲ ಕಳೆದ ಮೇಲೂ ಮಬ್ಬು ಮಬ್ಬಾಗಿಯೇ ಉಳಿಯಿತು. ಇಬ್ಬರ ಮಾತೂ ನಿಜವಾಗಿತ್ತು, ಬೇರೆ ಬೇರೆ ಗೆಲಾಕ್ಸಿಗಳ ಬಗ್ಗೆ.

ಆ ಚುಕ್ಕಿಗಳು ಕೂತ ಜಾಗವೂ ಗಮನಾರ್ಹ. ಲಕ್ಷಾಂತರ ಹಳೆಯ ನಕ್ಷತ್ರಗಳು ಜೇನುಗೂಡಿನಂತೆ ಕಿಕ್ಕಿರಿದ ಗೋಳಗುಚ್ಛಗಳಲ್ಲಿ ಅವು ಹೆಚ್ಚು. ಎನ್‌ಜಿಸಿ 1399 ಗೆಲಾಕ್ಸಿಯಲ್ಲಿ ಸುಮಾರು 70% ಆಕರಗಳು ಇಂಥ ಗುಚ್ಛಗಳಲ್ಲಿವೆ. ಅಷ್ಟು ಇಕ್ಕಟ್ಟಿನಲ್ಲಿ ಒಂಟಿ ನ್ಯೂಟ್ರಾನ್ ನಕ್ಷತ್ರಕ್ಕೆ ಸಂಗಾತಿ ಸಿಗುವುದು ಸುಲಭ. ಹಗುರ ಸಂಗಾತಿಯ ಜೋಡಿಗಳು ಹೀಗೆ ಗೆಲಾಕ್ಸಿಯಲ್ಲಿ ಒಟ್ಟು ಎಷ್ಟು ನಕ್ಷತ್ರಗಳಿವೆ ಎಂಬುದಕ್ಕೆ ಅಳತೆಗೋಲು. ಭಾರದ ಸಂಗಾತಿಯ ಜೋಡಿಗಳು ಅಲ್ಪಾಯುಷಿಗಳು, ಹುಟ್ಟಿದ ಜಾಗದ ಹತ್ತಿರವೇ ಸಾಯುತ್ತವೆ. ಆದ್ದರಿಂದ ಹೊಸ ನಕ್ಷತ್ರಗಳು ಎಷ್ಟು ಬಿರುಸಾಗಿ ಹುಟ್ಟುತ್ತಿವೆ ಎಂಬುದನ್ನು ಅವು ತಿಳಿಸುತ್ತವೆ. ಗ್ರಿಮ್, ಗಿಲ್ಫನೋವ್ ಮತ್ತು ಸುನ್ಯಾಯೆವ್ 2003ರಲ್ಲಿ ಈ ಎರಡನೆಯ ಸಂಬಂಧವನ್ನು ಲೆಕ್ಕಕ್ಕೆ ತಂದರು.

ಒಂದೇ ದೂರದರ್ಶಕ, ಎರಡು ತೀರ್ಪು

ಮನೆಯೊಳಗಿನ ಮಬ್ಬು ಇನ್ನಷ್ಟು ಸತಾಯಿಸಿತು. 1980ರ ದಶಕದಲ್ಲಿ ಆಕಾಶಗಂಗೆಯ ನಡುಪಟ್ಟಿಯುದ್ದಕ್ಕೂ ಗಡುಸಾದ ತೆಳು ಹೊಳಪೊಂದು ಸಿಕ್ಕಿತು. ಜಪಾನಿನ ಟೆನ್ಮಾ ಉಪಗ್ರಹ ಅದರಲ್ಲಿ ಬಿಸಿ ಕಬ್ಬಿಣದ ರೇಖೆಯನ್ನೂ ಗುರುತಿಸಿತು. ಪರ್ಸಿಯಸ್ ಗುಂಪಿನಲ್ಲಿ ಅನಿಲಕ್ಕೆ ಸಾಕ್ಷಿ ಹೇಳಿದ ರೇಖೆಯೇ ಇಲ್ಲೂ ಇತ್ತು. ಅನಿಲವಾದರೆ ಅದರ ತಾಪ ಸುಮಾರು 10 ಕೋಟಿ ಡಿಗ್ರಿ. ಅಂಥ ಅನಿಲವನ್ನು ಆಕಾಶಗಂಗೆಯ ಸೆಳೆತ ಹಿಡಿದಿಡಲಾರದು, ತೂತು ಬಿದ್ದ ಟೈರಿನ ಗಾಳಿಯಂತೆ ಅದು ಹೊರಗೆ ಸೋರಿಹೋಗಬೇಕು. ಸೋರಿದ್ದನ್ನು ತುಂಬುವ ಪಂಪು ಯಾವುದು? ಸೂಪರ್‌ನೋವಾಗಳು ಸಾಲುತ್ತಿರಲಿಲ್ಲ. ಬಿಡಿ ಆಕರಗಳೆಂದರೆ, ಅಷ್ಟು ದೊಡ್ಡ ಸಂಖ್ಯೆಯ ಮಂಕು ಆಕರಗಳು ಯಾವುವೆಂದು ಯಾರಿಗೂ ತಿಳಿದಿರಲಿಲ್ಲ.

2001ರಲ್ಲಿ ಎಬಿಸಾವ ಮತ್ತು ಸಂಗಡಿಗರು ಚಂದ್ರಾ ದೂರದರ್ಶಕವನ್ನು ಆ ಪಟ್ಟಿಯತ್ತ ಸುಮಾರು ಒಂದು ಲಕ್ಷ ಸೆಕೆಂಡು ನೆಟ್ಟರು. ಬಿಡಿ ಆಕರಗಳು ಹೊಳಪಿನ ಅಲ್ಪ ಪಾಲನ್ನಷ್ಟೇ ಕೊಟ್ಟವು. ಮಬ್ಬು ಮಬ್ಬೇ ಎಂಬುದು ಅವರ ತೀರ್ಪು. 2006ರಲ್ಲಿ ರೆವ್ನಿವ್ತ್ಸೆವ್ ಮತ್ತು ಸಂಗಡಿಗರು ಒಂದು ವಿಚಿತ್ರ ಹೊಂದಾಣಿಕೆ ತೋರಿಸಿದರು. ಈ ಹೊಳಪಿನ ನಕ್ಷೆಯನ್ನು ಅವಕೆಂಪು ಬೆಳಕಿನ ನಕ್ಷೆಯ ಮೇಲಿಟ್ಟರೆ ಎರಡೂ ಪಡಿಯಚ್ಚು. ಅವಕೆಂಪು ಬೆಳಕು ಹಳೆಯ, ಮಾಮೂಲಿ ನಕ್ಷತ್ರಗಳದು. ಅನಿಲಕ್ಕೆ ಅವುಗಳ ಜಾಡನ್ನೇ ಹಿಡಿಯುವ ಕಾರಣವಿಲ್ಲ. 2009ರಲ್ಲಿ ಅದೇ ತಂಡ ಅದೇ ಚಂದ್ರಾವನ್ನು ಕೇಂದ್ರದಿಂದ ಸುಮಾರು ಒಂದೂವರೆ ಡಿಗ್ರಿ ಪಕ್ಕದ, ಧೂಳು ಕಡಿಮೆಯಿರುವ ತುಣುಕಿನತ್ತ ಹತ್ತು ಲಕ್ಷ ಸೆಕೆಂಡು, ಅಂದರೆ ಹನ್ನೊಂದೂವರೆ ದಿನ, ನೆಟ್ಟಿತು. ಕಬ್ಬಿಣದ ರೇಖೆಯ ಆಸುಪಾಸಿನ ಹೊಳಪಿನಲ್ಲಿ 80%ಕ್ಕೂ ಹೆಚ್ಚು ಚುಕ್ಕಿಗಳಾಗಿ ಒಡೆಯಿತು. ಅವು ಸಂಗಾತಿಯ ಅನಿಲ ಹೀರುವ ಶ್ವೇತಕುಬ್ಜಗಳು ಮತ್ತು ಸೂರ್ಯನಿಗಿಂತ ಚುರುಕಾದ ಹೊರಪದರವುಳ್ಳ ನಕ್ಷತ್ರಗಳು. 1962ಕ್ಕಿಂತ ಮೊದಲು ಲೆಕ್ಕಕ್ಕೇ ಬಾರದವೆಂದು ಬಿಟ್ಟಿದ್ದ ಸಾಮಾನ್ಯರು ಇವರು. ಒಬ್ಬೊಬ್ಬರದು ಏನೂ ಅಲ್ಲ, ಎಲ್ಲರೂ ಸೇರಿದರೆ ಆಕಾಶಗಂಗೆಯ ಉದ್ದಕ್ಕೂ ಹೊಳಪು.

1962ರ ರಾತ್ರಿ ಆಕಾಶವೆಲ್ಲ ಕಂಡ ಹಿನ್ನೆಲೆ ಹೊಳಪಿನ ಗತಿಯೂ ಇದೇ. ಚಂದ್ರಾ ದಕ್ಷಿಣದ ಆಕಾಶದ ಒಂದು ತುಣುಕನ್ನು ವರ್ಷಗಳ ಕಾಲ ಬಿಟ್ಟು ಬಿಟ್ಟು ಒಟ್ಟು 70 ಲಕ್ಷ ಸೆಕೆಂಡು ದಿಟ್ಟಿಸಿತು. ಗಡುಸು ಹಿನ್ನೆಲೆಯ ಬಹುಪಾಲು ದೂರದ ಗೆಲಾಕ್ಸಿಗಳ ಕೇಂದ್ರದಲ್ಲಿ ಉಣ್ಣುತ್ತಿರುವ ದೈತ್ಯ ಕಪ್ಪುಕುಳಿಗಳಾಗಿ ಬೇರ್ಪಟ್ಟಿತು. ಅವುಗಳ ಕಥೆ ದೊಡ್ಡದು, ಇಲ್ಲಿ ವಿಸ್ತರಿಸುವುದಿಲ್ಲ. ಇಷ್ಟು ಮಾತ್ರ ಹೇಳಬಹುದು: ನಮ್ಮದೇ ಕೇಂದ್ರದ ಕಪ್ಪುಕುಳಿ 40 ಲಕ್ಷ ಸೂರ್ಯರಷ್ಟು ತೂಗಿದರೂ, ಸುಮ್ಮನಿರುವ ಹೊತ್ತಿನಲ್ಲಿ ಅದರ ಕ್ಷ-ಕಿರಣ ನಮ್ಮ ಒಬ್ಬ ಸೂರ್ಯನ ಒಟ್ಟು ಬೆಳಕಿಗಿಂತಲೂ ಕಡಿಮೆ.

ಮಿತಿ ಮೀರಿದ ಚುಕ್ಕಿಗಳು

ಚುಕ್ಕಿಯೆಂದು ಗೊತ್ತಾದ ಮೇಲೂ ಅದು ಯಾರು ಎಂಬುದು ಉಳಿಯುತ್ತದೆ. ಬೀಳುವ ಅನಿಲ ಹೊಳೆಯುತ್ತದೆ, ಆ ಹೊಳಪೇ ಮೇಲಿನ ಅನಿಲವನ್ನು ಹೊರಗೆ ತಳ್ಳುತ್ತದೆ. ಒಂದು ಹಂತದಲ್ಲಿ ತಳ್ಳುವುದೂ ಸೆಳೆಯುವುದೂ ಸಮನಾಗುತ್ತವೆ. ಅದಕ್ಕೆ ಎಡಿಂಗ್ಟನ್ ಮಿತಿ ಎಂದು ಹೆಸರು. ನ್ಯೂಟ್ರಾನ್ ನಕ್ಷತ್ರಕ್ಕೆ ಅದು ಸುಮಾರು ಐವತ್ತು ಸಾವಿರ ಸೂರ್ಯರ ಹೊಳಪು. ಆದರೆ ಐನ್‌ಸ್ಟೈನ್ ಕಾಲದಿಂದಲೇ ಹತ್ತಿರದ ಗೆಲಾಕ್ಸಿಗಳಲ್ಲಿ, ಕೇಂದ್ರದಿಂದ ದೂರ, ಎರಡೂವರೆ ಲಕ್ಷ ಸೂರ್ಯರನ್ನು ಮೀರಿ ಹೊಳೆಯುವ ಆಕರಗಳು ಸಿಗುತ್ತಿದ್ದವು. ಮಿತಿ ಮುರಿಯಬಾರದೆಂದರೆ ತೂಕ ಹೆಚ್ಚಿಸಬೇಕು. ಹೀಗೆ ನೂರಾರು, ಸಾವಿರಾರು ಸೂರ್ಯರ ತೂಕದ ಮಧ್ಯಮ ಗಾತ್ರದ ಕಪ್ಪುಕುಳಿಗಳು ಲೇಖನಗಳಲ್ಲಿ ತುಂಬಿಕೊಂಡವು. ಎಂ 82ರ ಪ್ರಖರ ಆಕರಗಳು ಅದಕ್ಕೆ ಅಚ್ಚುಮೆಚ್ಚಿನ ಉದಾಹರಣೆಗಳು.

2014ರ ಜನವರಿಯಲ್ಲಿ ಎಂ 82ರಲ್ಲಿ ಒಂದು ಸೂಪರ್‌ನೋವಾ ಸಿಡಿಯಿತು. ಅದನ್ನು ನೋಡಲೆಂದು ನುಸ್ಟಾರ್ ದೂರದರ್ಶಕವನ್ನು ಆ ಗೆಲಾಕ್ಸಿಯತ್ತ ಹಲವು ದಿನ ತಿರುಗಿಸಿದರು. ನುಸ್ಟಾರ್‌ನ ಕಣ್ಣು ಚಂದ್ರಾದಷ್ಟು ಹರಿತವಲ್ಲ. ಎಂ 82ರ ಎರಡು ಪ್ರಖರ ಆಕರಗಳು ಅದಕ್ಕೆ ಒಂದೇ ಉಂಡೆಯಾಗಿ ಕಾಣುತ್ತವೆ. ಆದರೆ ಬಂದ ಕಣಗಳ ಸಮಯವನ್ನು ಜೋಡಿಸಿ ನೋಡಿದ ಬಕೆಟ್ಟಿ ಮತ್ತು ಸಂಗಡಿಗರಿಗೆ ಆ ಉಂಡೆಯೊಳಗಿಂದ 1.37 ಸೆಕೆಂಡಿನ ಮಿಡಿತ ಕೇಳಿಸಿತು. ಕಪ್ಪುಕುಳಿಗೆ ಗಟ್ಟಿಯಾದ ಮೈಯಿಲ್ಲ, ಅದು ಹೀಗೆ ಗಡಿಯಾರದಂತೆ ಮಿಡಿಯಲಾರದು. ಅದು ತನ್ನ ಮಿತಿಯ ಸುಮಾರು ನೂರು ಪಟ್ಟು ಹೊಳೆಯುತ್ತಿರುವ ಒಂದು ಮಾಮೂಲಿ ನ್ಯೂಟ್ರಾನ್ ನಕ್ಷತ್ರವಾಗಿತ್ತು. ಕನ್ನಡಿ ಬಿಡಿಸಲಾರದ್ದನ್ನು ಈ ಸಲ ಗಡಿಯಾರ ಬಿಡಿಸಿತು. ಅಂಥ ಇನ್ನೂ ಹಲವು ಆಮೇಲೆ ಸಿಕ್ಕಿವೆ. 2019ರ ಕೊನೆಯಲ್ಲಿ ಮೆಗೆಲ್ಲಾನಿಕ್ ಮೋಡಗಳ ನಡುವಿನ ಸೇತುವೆಯಲ್ಲಿ ಭುಗಿಲೆದ್ದ, 9.29 ಸೆಕೆಂಡಿಗೊಮ್ಮೆ ಮಿಡಿಯುವ ಆಕರವನ್ನು ಅಭ್ಯಾಸ ಮಾಡಿ ಅದು ಈ ವರ್ಗದ್ದಿರಬಹುದೆಂದು ತೋರಿಸಿದ್ದರಲ್ಲಿ ನಮ್ಮ ಆಸ್ಟ್ರೋಸ್ಯಾಟ್‌ನ ಪಾಲಿದೆ. 2015ರಲ್ಲಿ ಹಾರಿದ ಈ ಉಪಗ್ರಹವನ್ನು ನಡೆಸುವುದು ಬೆಂಗಳೂರಿನಿಂದ. ಅದೇ ಊರಿನ ರಾಮನ್ ಸಂಶೋಧನಾ ಸಂಸ್ಥೆ ಕಟ್ಟಿದ ಪೋಲಿಕ್ಸ್ ಯಂತ್ರ 2024ರ ಜನವರಿ 1ರಂದು ಎಕ್ಸ್‌ಪೋಸ್ಯಾಟ್‌ನಲ್ಲಿ ಹಾರಿತು. ಆಕರದ ಕ್ಷ-ಕಿರಣ ಯಾವ ದಿಕ್ಕಿಗೆ ಕಂಪಿಸುತ್ತದೆ ಎಂಬ ಧ್ರುವೀಕರಣದ ಅಳತೆ ಅದರ ಕೆಲಸ.

ಚಂದ್ರನ ಕತ್ತಲ ಭಾಗ

1990ರ ಜೂನ್ 29ರಂದು ರೋಸ್ಯಾಟ್ ಚಂದ್ರನ ಚಿತ್ರ ತೆಗೆಯಿತು. 1962ರ ರಾಕೆಟ್ ಹುಡುಕಿ ಹೊರಟಿದ್ದ ಕ್ಷ-ಕಿರಣ ಬಿಸಿಲು ಬಿದ್ದ ಅರ್ಧದಲ್ಲಿ ಕೊನೆಗೂ ಚೆನ್ನಾಗಿ ಕಂಡಿತು. ಕತ್ತಲ ಅರ್ಧ ಹಿನ್ನೆಲೆ ಹೊಳಪಿಗೆ ಅಡ್ಡವಾಗಿ ಕಪ್ಪಗೆ ನಿಂತಿತು. ಪೂರ್ತಿ ಕಪ್ಪಗೆ ಅಲ್ಲ. ಅಲ್ಲೂ ಕೆಲವು ಕಣಗಳು ಎಣಿಕೆಗೆ ಸಿಕ್ಕಿದ್ದವು. ಚಂದ್ರನ ಕತ್ತಲ ಬದಿಗೆ ಕ್ಷ-ಕಿರಣ ಎಲ್ಲಿಂದ ಬಂತು? ಚಂದ್ರಾ ದೂರದರ್ಶಕದ ಅಳತೆಗಳಿಂದ 2004ರ ಹೊತ್ತಿಗೆ ಉತ್ತರ ಸಿಕ್ಕಿತು. ಅವು ಚಂದ್ರನಿಂದ ಬಂದವಲ್ಲ, ನಡುದಾರಿಯವು. ಸೌರಮಾರುತದ ಆಮ್ಲಜನಕದಂಥ ಅಯಾನುಗಳು ಭೂಮಿಯ ಸುತ್ತಲಿನ ತೆಳು ಜಲಜನಕದಿಂದ ಎಲೆಕ್ಟ್ರಾನ್ ಕಿತ್ತುಕೊಳ್ಳುವಾಗ ಮೆದು, ಅಂದರೆ ಕಡಿಮೆ ಶಕ್ತಿಯ, ಕ್ಷ-ಕಿರಣ ಹೊಮ್ಮುತ್ತದೆ. ಅದನ್ನೇ ದೂರದರ್ಶಕ ಚಂದ್ರನ ಮುಖದ ಮೇಲೆ ಕಂಡಿತ್ತು.

ಇದರಿಂದ ಒಂದು ಹಳೆಯ ಕಡತ ಮತ್ತೆ ತೆರೆಯಿತು. 1960ರ ದಶಕದ ಕೊನೆಯಿಂದ ಗೊತ್ತಿದ್ದ ಮೆದು ಕ್ಷ-ಕಿರಣದ ಹಿನ್ನೆಲೆಯನ್ನು, ಸೂರ್ಯನ ನೆರೆಹೊರೆಯಲ್ಲಿ ಹಳೆಯ ಸೂಪರ್‌ನೋವಾಗಳು ಊದಿಟ್ಟ ಹತ್ತು ಲಕ್ಷ ಡಿಗ್ರಿಯ ಅನಿಲಗುಳ್ಳೆಯ ಹೊಳಪೆಂದು ವಿವರಿಸಲಾಗಿತ್ತು. ಅಂಥ ಗುಳ್ಳೆ ನಿಜವಾಗಿ ಇದೆಯೋ, ನಮ್ಮ ಅಂಗಳದ ಸೌರಮಾರುತವನ್ನೇ ಗೆಲಾಕ್ಸಿಯ ಮಬ್ಬೆಂದು ನಂಬಿ ಮೋಸಹೋದೆವೋ? ಇಲ್ಲಿ ಹರಿತವಾದ ಕನ್ನಡಿ ಉಪಯೋಗಕ್ಕೆ ಬಾರದು, ಏಕೆಂದರೆ ಎರಡೂ ನಿಜವಾದ ಮಬ್ಬುಗಳೇ. ಬೇಕಾದದ್ದು ದೊಡ್ಡ ಬಾಯಿಯ ಎಣಿಕೆ ಪೆಟ್ಟಿಗೆ.

2012ರ ಡಿಸೆಂಬರಿನಲ್ಲಿ ಗಲಿಯಾಜಿ ಮತ್ತು ಸಂಗಡಿಗರು ಅಂಥ ಪೆಟ್ಟಿಗೆಗಳನ್ನು ಹಾರಿಸಿದರು. 1970ರ ದಶಕದಲ್ಲಿ ಒಮ್ಮೆ ಹಾರಿ ಬಂದಿದ್ದ ಎಣಿಕೆ ಯಂತ್ರಗಳನ್ನೇ ದುರಸ್ತಿ ಮಾಡಿ ಮತ್ತೆ ರಾಕೆಟ್ಟಿಗೆ ಏರಿಸಿದ್ದರು. ಹಾರಿದ್ದು ವೈಟ್ ಸ್ಯಾಂಡ್ಸ್‌ನಿಂದ. ವಾತಾವರಣದ ಮೇಲೆ ಸಿಕ್ಕ ಸಮಯ ಈಗಲೂ ನಾಲ್ಕೈದು ನಿಮಿಷ. ಸೌರವ್ಯೂಹದೊಳಗೆ ನುಗ್ಗಿಬರುವ ಹೀಲಿಯಂ ದಟ್ಟವಾಗಿರುವ ದಿಕ್ಕನ್ನು ಆರಿಸಿ, ಅಲ್ಲಿ ಎಣಿಕೆ ಎಷ್ಟು ಏರುತ್ತದೆಂದು ಅಳೆದರು. ಆಕಾಶಗಂಗೆಯ ಸಮತಲದ ಕಡೆಯ ಮೆದು ಹಿನ್ನೆಲೆಯಲ್ಲಿ ಸುಮಾರು 40% ನಮ್ಮ ಸೌರಮಾರುತದ್ದೆಂದೂ ಉಳಿದದ್ದು ಆ ಗುಳ್ಳೆಯದೇ ಎಂದೂ 2014ರಲ್ಲಿ ಲೆಕ್ಕ ಒಪ್ಪಿಸಿದರು.